ಅಂಗಳದ ಬ್ರಹ್ಮಕಮಲ ಹಿಮಾಲಯದ್ದಲ್ಲ

ಉತ್ತರಾಖಂಡದ ರಾಜ್ಯಪುಷ್ಪ ಯಾವುದು? ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಸಾಲಾಗಿ ಪರೀಕ್ಷೆ ಬರೆಯುತ್ತಿರುವ ನಮ್ಮಂಥವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ‘ಬ್ರಹ್ಮಕಮಲ’ ಎಂದು ಹೇಳಿ ಮಗ್ಗುಲು ಬದಲಿಸುತ್ತೇವೆ. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ಭೀಮಸಮುದ್ರದ ನಮ್ಮ ಮನೆಯ ಅಂಗಳದಲ್ಲಿ ತೂಗುಕುಂಡದಿಂದ ಇಳಿಬಿದ್ದಿರುವ ಬ್ರಹ್ಮಕಮಲಕ್ಕೂ ಆ ಉತ್ತರಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ.

ಪರೀಕ್ಷೆಯಲ್ಲಿ ಕೇಳುವ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬದ್ದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸಾಸೂರಿಯಾ ಆಬ್‌ವಲಾಟಾ. ಹಿಮಾಲಯದಲ್ಲಿ ಮೂರು ಸಾವಿರ ಮೀಟರಿಗೂ ಮೇಲೆ, ಕಲ್ಲುಬಂಡೆಗಳ ನಡುವೆ ನೆಲದಲ್ಲಿ ಬೆಳೆಯುತ್ತದೆ. ತೆಳು ಹಳದಿ-ಹಸಿರು ಪೊರೆಯಂಥ ಎಲೆಗಳು ನೇರಳೆ ಬಣ್ಣದ ಪುಟ್ಟ ಹೂಗಳನ್ನು ಮುಚ್ಚಿಕೊಂಡಿರುತ್ತವೆ. ಕೇದಾರನಾಥ, ಬದರೀನಾಥದಲ್ಲಿ ದೇವರಿಗೆ ಏರಿಸುವುದು ಇದನ್ನು. ನಮ್ಮ ಚಿತ್ರದುರ್ಗ ಇರುವುದು ಹೆಚ್ಚೂಕಡಿಮೆ 730 ಮೀಟರ್ ಎತ್ತರದಲ್ಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಮನೆಯ ಶೀಟಿನ ಕೆಳಗೆ ಹತ್ತು ನಿಮಿಷ ಕೂತರೆ ಸಾಕು, ಹಿಮದ ಆ ಗಿಡ ಇಲ್ಲಿ ಬದುಕುತ್ತದೆ ಎಂದು ಯಾರೂ ವಾದ ಮಾಡಲಾರರು.

ನಮ್ಮ ಅಂಗಳದ್ದು ಎಪಿಫಿಲ್ಲಮ್ ಆಕ್ಸಿಪೆಟಾಲಮ್. ತವರು ದಕ್ಷಿಣ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡು. ಜಾತಿಯಲ್ಲಿ ಅದು ಕ್ಯಾಕ್ಟಸ್, ಅಂದರೆ ಕಳ್ಳಿ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನನಗೆ ಇದು ಸಾಮಾನ್ಯ ಸಂಗತಿ. ನಮ್ಮ ಓಣಿಯವರಿಗೆ ಮಾತ್ರ ದೊಡ್ಡ ಆಘಾತ. ‘ಮುಳ್ಳೇ ಇಲ್ಲ, ಎಲೆ ಇಷ್ಟುದ್ದ ಇದೆ, ಕಳ್ಳಿ ಹೆಂಗಾಗುತ್ತೆ?’ ಎನ್ನುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ಆದರೆ ಅದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಎಲೆಯ ಅಂಚಿನಿಂದ ಮೊಗ್ಗು ಬರುವುದನ್ನು ಬೇರೆ ಯಾವ ಗಿಡದಲ್ಲಾದರೂ ನೋಡಿದ್ದೀರಾ? ಇದರಲ್ಲಿ ಬರುತ್ತದೆ, ಯಾಕೆಂದರೆ ಅದು ಕಾಂಡ. ಎಪಿಫಿಲ್ಲಮ್ ಎಂಬ ಹೆಸರಿನ ಅರ್ಥವೇ ‘ಎಲೆಯ ಮೇಲಿನದು’. ಹೆಸರಿಟ್ಟವರ ಕಣ್ಣಿಗೂ ಅದು ಎಲೆಯ ಹಾಗೆಯೇ ಕಂಡಿದೆ.

ಕಳ್ಳಿ ಎಂದಕೂಡಲೇ ನಮ್ಮ ಜಿಲ್ಲೆಯವರ ಕಣ್ಣ ಮುಂದೆ ಬರುವುದು ಬಿಸಿಲು, ಗುಡ್ಡ, ಬೇಲಿ. ಚಿತ್ರದುರ್ಗದ ಸುತ್ತ ಬಂಡೆಗಳ ಸಂದಿಯಲ್ಲಿ ಬೆಳೆಯುವ, ಮುರಿದರೆ ಬಿಳಿ ಹಾಲು ಸುರಿಸುವ ಕಳ್ಳಿ ಇದೆಯಲ್ಲ, ಅದು ಕ್ಯಾಕ್ಟಸ್ ಕುಟುಂಬವೇ ಅಲ್ಲ, ಯೂಫೋರ್ಬಿಯಾ. ಬೇಲಿಯ ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್, ಆದರೆ ಅದೂ ಅಮೆರಿಕದಿಂದ ಬಂದದ್ದು. ದಕ್ಷಿಣ ಭಾರತದಲ್ಲಿ ಅದು ಎಷ್ಟು ಹಬ್ಬಿತ್ತೆಂದರೆ, ಅದನ್ನು ತಿಂದು ಮುಗಿಸಲೆಂದೇ 1926ರಲ್ಲಿ ಸಿಲೋನಿನಿಂದ ಕಾಕಿನೀಲ್ ಎಂಬ ಕೀಟವನ್ನು ತರಿಸಿ ಬಿಟ್ಟಿದ್ದರು. ಹೀಗೆ, ನಾವು ಕಳ್ಳಿ ಎಂದು ಬೈಯುವ ಗಿಡ ಕ್ಯಾಕ್ಟಸ್ ಅಲ್ಲ, ಆರತಿ ಎತ್ತುವ ಗಿಡ ಕ್ಯಾಕ್ಟಸ್.

ಎಲ್ಲ ಕ್ಯಾಕ್ಟಸ್ಸೂ ಮರುಭೂಮಿಯದಲ್ಲ ಎಂಬುದನ್ನು ತಿಳಿದರೆ ಈ ಗಿಡ ಬೆಳೆಸುವ ಅರ್ಧ ಕೆಲಸ ಮುಗಿದಂತೆ. ಇದು ಮರದ ಮೇಲೆ ವಾಸ ಮಾಡುವ ಕ್ಯಾಕ್ಟಸ್. ಮಲೆನಾಡಿನ ಸೀತಾಳೆ ಹೂವಿನ ಗಿಡ ಕೊಂಬೆಯ ಮೇಲೆ ಕೂತಿರುತ್ತದಲ್ಲ, ಹಾಗೆ. ಕೊಂಬೆಯ ಕವಲಿನಲ್ಲಿ ಸೇರಿದ ಕೊಳೆತ ಎಲೆ, ತೊಗಟೆಯ ಪುಡಿ, ಹಕ್ಕಿಯ ಹಿಕ್ಕೆ ಅದಕ್ಕೆ ಮಣ್ಣು. ಮಳೆ ಬಂದಾಗ ನೀರು ಸಿಗುತ್ತದೆ, ನಿಮಿಷದಲ್ಲಿ ಬಸಿದು ಹೋಗುತ್ತದೆ. ಬೆಳಕು ಎಲೆಗಳ ಸಂದಿಯಿಂದ ಸೋಸಿ ಬರುತ್ತದೆ. ಇಂಥ ಗಿಡಗಳಿಗೆ ಎಪಿಫೈಟ್ ಎನ್ನುತ್ತಾರೆ. ಇದೇ ಗುಂಪಿನಲ್ಲಿ ರಿಪ್ಸಾಲಿಸ್ ಎಂಬ ಇನ್ನೊಂದಿದೆ, ಹಸಿರು ನೂಲಿನ ಹಾಗೆ ಇಳಿಬೀಳುತ್ತದೆ. ಅಮೆರಿಕ ಖಂಡಗಳ ಹೊರಗೆ, ಆಫ್ರಿಕಾದಲ್ಲೂ ಶ್ರೀಲಂಕಾದಲ್ಲೂ ಕಾಡಿನಲ್ಲಿ ತಾನಾಗಿ ಬೆಳೆಯುವ ಏಕೈಕ ಕ್ಯಾಕ್ಟಸ್ ಅದು. ನಮ್ಮ ಕಡೆ ಈಗೀಗ ಕಲ್ಲುಕಂಬಕ್ಕೆ ಹಬ್ಬಿಸುವ ಡ್ರ್ಯಾಗನ್ ಫ್ರೂಟ್ ಬ್ರಹ್ಮಕಮಲದ ಹತ್ತಿರದ ಸಂಬಂಧಿ. ಅದರ ಹೂವೂ ರಾತ್ರಿಯೇ ಅರಳುವುದು, ನೋಡಲೂ ಒಂದೇ ಥರ. ಆ ಹಣ್ಣಿಗೆ 2021ರಲ್ಲಿ ಗುಜರಾತ್ ಸರ್ಕಾರ ‘ಕಮಲಂ’ ಎಂದು ಹೆಸರಿಟ್ಟಿತು. ಕ್ಯಾಕ್ಟಸ್‌ಗೂ ಕಮಲಕ್ಕೂ ನಮ್ಮ ದೇಶದಲ್ಲಿ ಏನೋ ಋಣಾನುಬಂಧ ಇರಬೇಕು!

ಗಿಡ ನಮ್ಮ ಮನೆಗೆ ಬಂದದ್ದು 2022ರ ಮಳೆಗಾಲದಲ್ಲಿ. ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದ ವರ್ಷ ಅದು, ಜಿಲ್ಲೆಯವರು ಯಾರೂ ಮರೆಯುವುದಿಲ್ಲ. ನನ್ನ ಡಿಗ್ರಿ ಮುಗಿದದ್ದೂ ಅದೇ ವರ್ಷ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿಗೆ ಊರಿನಲ್ಲಿ ಎರಡೇ ಪ್ರಶ್ನೆ. ಒಂದು, ಕೆಲಸ ಸಿಕ್ತಾ? ಎರಡು, ಗಂಡು ನೋಡ್ತಿದಾರಾ? ಎರಡಕ್ಕೂ ಉತ್ತರ ಕೊಟ್ಟು ಸುಸ್ತಾಗಿ ಹೊಳಲ್ಕೆರೆಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಹೊರಡುವಾಗ ಚಿಕ್ಕಮ್ಮ ಒಂದು ಗೇಣುದ್ದದ ‘ಎಲೆ’ ಮುರಿದು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿದರು. ನೀರು ಬೇಕಿಲ್ಲ, ಮಣ್ಣು ಬೇಕಿಲ್ಲ, ಬಸ್ಸಿನಲ್ಲಿ ಪುಸ್ತಕದ ನಡುವೆ ಕೂತು ಬಂತು. ಒಂದು ವಾರ ಕಿಟಕಿಯ ಕಟ್ಟೆ ಮೇಲೆ ಹಾಗೇ ಇಟ್ಟೆ. ಮುರಿದ ಬಾಯಿ ಒಣಗಿ ಗಟ್ಟಿಯಾಗಬೇಕು, ಇಲ್ಲದಿದ್ದರೆ ಮಣ್ಣಿಗಿಟ್ಟ ಕೂಡಲೇ ಕೊಳೆಯುತ್ತದೆ.

ನಮ್ಮೂರನ್ನು ನೋಡದವರಿಗೆ ಇಷ್ಟು ಹೇಳಬೇಕು. ಬರದ ಜಿಲ್ಲೆಯೊಳಗೆ ಭೀಮಸಮುದ್ರ ಒಂದು ಹಸಿರು ತುಂಡು. ದೊಡ್ಡ ಕೆರೆ, ಅಡಿಕೆ ತೋಟಗಳು, ಅಡಿಕೆ ಮಂಡಿಗಳು. ಅಪ್ಪ ಮಂಡಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ, ಸೀಸನ್ನಿನಲ್ಲಿ ಅಮ್ಮ, ಅಜ್ಜಿ ಇಬ್ಬರೂ ಅಡಿಕೆ ಸುಲಿಯುತ್ತಾರೆ. ಊರಿನ ಒಂದು ಕಡೆ ನಿಂತರೆ ಒಣ ಗುಡ್ಡ, ಇನ್ನೊಂದು ಕಡೆ ತಿರುಗಿದರೆ ತೋಟದ ತಂಪು. ಹೆಸರಿಗೆ ಕಳ್ಳಿಯಾದರೂ ಬ್ರಹ್ಮಕಮಲ ಈ ಎರಡರಲ್ಲಿ ತೋಟದ ಕಡೆಯದು. ಹಾಗಾಗಿ ಕುಂಡಕ್ಕೆ ಬೇಕಾದ ಎಲ್ಲವೂ ನನಗೆ ನಡೆದು ಹೋಗುವ ದೂರದಲ್ಲೇ ಸಿಕ್ಕಿತು. ಒಂದು ಪಾಲು ಕೆಂಪುಮಣ್ಣು. ಒಂದು ಪಾಲು ಹಳೆಯ ಅಡಿಕೆ ಸಿಪ್ಪೆ, ಅಂದರೆ ಒಂದು ಮಳೆಗಾಲ ಹೊರಗೆ ಬಿದ್ದು ಕಪ್ಪಾಗಿರುವುದು. ಊರಲ್ಲಿ ಇದಕ್ಕೆ ಕಾಸು ಕೊಡಬೇಕಿಲ್ಲ, ಬೇಕಾದರೆ ಅವರೇ ಎತ್ತಿಕೊಂಡು ಹೋಗಿ ಎನ್ನುತ್ತಾರೆ. ಉಳಿದ ಪಾಲು ಇದ್ದಿಲ ಚೂರು, ಇಟ್ಟಿಗೆ ಚೂರು, ಒಂದು ಹಿಡಿ ಹಳೆ ಕೊಟ್ಟಿಗೆ ಗೊಬ್ಬರ. ನೀರು ಹಾಕಿದರೆ ತಳದಿಂದ ಸರ್ರನೆ ಇಳಿದು ಹೋಗಬೇಕು, ಅಷ್ಟೇ ಪರೀಕ್ಷೆ. ಕೊಂಬೆಯ ಕವಲಿನ ನಕಲು ಇದು.

ಕುಂಡ ದೊಡ್ಡದಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಬೇಕಿಲ್ಲ. ಇದರ ಬೇರು ಸಣ್ಣದು, ಸ್ವಲ್ಪ ಇಕ್ಕಟ್ಟಾದರೆ ಹೂ ಬಿಡುವುದೇ ಹೆಚ್ಚು. ಬೆಳಗಿನ ಎಳೆ ಬಿಸಿಲು ಒಳ್ಳೆಯದು, ಮಧ್ಯಾಹ್ನದ ಬಿಸಿಲಿಗೆ ಹಸಿರು ಬಾಡಿ ಹಳದಿಗೆ ತಿರುಗುತ್ತದೆ. ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ತಾಗಿದ ಮೇಲೆ ನೀರು, ಚಳಿಗಾಲದಲ್ಲಿ ಇನ್ನೂ ಕಡಿಮೆ. ಯೂರಿಯಾ ಹತ್ತಿರ ಸುಳಿಯಬಾರದು. ಎದುರು ಮನೆಯವರು ತೋಟಕ್ಕೆ ತಂದದ್ದರಲ್ಲಿ ಒಂದು ಹಿಡಿ ಹಾಕಿದ್ದರು. ಗಿಡ ಅವರ ಬಚ್ಚಲುಮನೆಯ ಸೂರಿಗೆ ಮುಟ್ಟಿತು, ಹೂವು ಒಂದೂ ಇಲ್ಲ. ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ ಬೇವಿನೆಣ್ಣೆಗೆ ನಾಲ್ಕು ಹನಿ ಸೋಪಿನ ನೀರು ಬೆರೆಸಿ ಬಟ್ಟೆಯಿಂದ ಒರೆಸಿದರೆ ಸಾಕು.

ಒರೆಸುವ ಕೆಲಸ ನಮ್ಮೂರಿನಲ್ಲಿ ಇನ್ನೊಂದು ಕಾರಣಕ್ಕೂ ಇದೆ. ರಸ್ತೆಯಲ್ಲಿ ಅದಿರು ಲಾರಿಗಳು ಓಡುತ್ತವೆ. ಕೆಂಪು ಧೂಳು ಬಟ್ಟೆ, ಕಿಟಕಿ, ಅಡಿಕೆ ಗರಿ ಯಾವುದನ್ನೂ ಬಿಡುವುದಿಲ್ಲ. ಈ ಗಿಡ ರಾತ್ರಿ ಉಸಿರಾಟದ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ಹಗಲು ಮುಚ್ಚಿಕೊಂಡು ನೀರು ಉಳಿಸುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಕ್ಯಾಮ್ ಎಂಬ ಮೂರಕ್ಷರ ನೆನಪಿರಬಹುದು, ಅದೇ. ಆದ್ದರಿಂದ ವಾರಕ್ಕೊಮ್ಮೆ ಸಂಜೆ ಒದ್ದೆ ಬಟ್ಟೆ ಹಿಡಿದು ಕೂರುತ್ತೇನೆ. ಕೈ ಗಿಡದ ಮೇಲೆ, ಬಾಯಲ್ಲಿ ಸಂವಿಧಾನದ ವಿಧಿಗಳು. ಅಮ್ಮನಿಗೆ ಇದನ್ನು ನೋಡಿದರೆ ನಗು.

ಒಂದು ತುಂಡನ್ನು ಹಿತ್ತಿಲಿನ ತೆಂಗಿನ ಮರಕ್ಕೆ ಅಡಿಕೆ ಹಾಳೆಯ ತೊಟ್ಟಿಲಲ್ಲಿ ಕಟ್ಟಿದಾಗ ಅಜ್ಜಿ ಗಾಬರಿಯಾದರು. ‘ಮರದ ರಸ ಹೀರ್ಕೊಂಡು ಒಣಗಿಸಿಬಿಡುತ್ತೆ, ತೆಗಿಯೇ’ ಎಂದು ದಿನಾ ಜಗಳ. ಅವರ ಮನಸ್ಸಿನಲ್ಲಿದ್ದದ್ದು ಬಂದಳಿಕೆ. ಮಾವಿನ ಕೊಂಬೆಯೊಳಗೆ ಬೇರು ಇಳಿಸಿ ರಸ ಕದಿಯುವ ಬಂದಳಿಕೆ ಬೇರೆ, ಇದು ಬೇರೆ. ಇದು ಮರದ ಮೇಲೆ ಕೂರಲು ಜಾಗ ಕೇಳುತ್ತದೆ, ಊಟ ಕೇಳುವುದಿಲ್ಲ. ಒಂದು ವರ್ಷ ಕಳೆದು ತೆಂಗಿನಕಾಯಿ ಎಣಿಸಿದ ಮೇಲೆ ಅಜ್ಜಿ ಸುಮ್ಮನಾದರು.

ಹೂ ಬಿಡಲು ಎರಡು ವರ್ಷ ಬೇಕಾಯಿತು. 2024ರ ಆಗಸ್ಟಿನಲ್ಲಿ ಕಾಂಡದ ಅಂಚಿನ ಕಚ್ಚುಗಳಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚುಕ್ಕಿ ಕಾಣಿಸಿತು. ಮೊದಲು ಎಂಟು, ಕೊನೆಗೆ ಉಳಿದದ್ದು ಐದು. ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಿಸಬಾರದು, ನೀರು ತಪ್ಪಿಸಬಾರದು, ಇಲ್ಲದಿದ್ದರೆ ಉದುರಿಸುತ್ತದೆ. ಎರಡು ಮೂರು ವಾರ ಮೊಗ್ಗು ಕೆಳಗೆ ಜೋತು ಬಿದ್ದು ಉದ್ದವಾಗುತ್ತಾ ಹೋಗುತ್ತದೆ. ಅರಳುವ ಹೊತ್ತಿಗೆ ತೊಟ್ಟು ಬಾತುಕೋಳಿಯ ಕತ್ತಿನ ಹಾಗೆ ಮೇಲಕ್ಕೆ ಬಾಗಿ ಮೊಗ್ಗು ಉಬ್ಬುತ್ತದೆ. ಆ ಸಂಜೆ ಓಣಿಗೆಲ್ಲ ಹೇಳಿಕಳಿಸಬಹುದು.

ಎಂಟೂವರೆಗೆ ಮೊದಲ ಎಸಳು ಅಲುಗಿತು. ನಿಜವಾಗಿ ಅಲುಗುವುದು ಕಣ್ಣಿಗೆ ಕಾಣುತ್ತದೆ, ನೋಡದಿದ್ದರೆ ಒಮ್ಮೆ ನೋಡಿ. ಹನ್ನೊಂದರ ಹೊತ್ತಿಗೆ ಅಂಗೈ ಅಗಲದ ಐದು ಬಿಳಿ ಹೂ. ಓಣಿಯ ಕರೆಂಟು ಹೋಗಿತ್ತು, ಆದರೂ ಕತ್ತಲಲ್ಲಿ ಎದ್ದು ಕಾಣುತ್ತಿದ್ದವು. ಪರಿಮಳ ರಸ್ತೆಯ ತಿರುವಿನವರೆಗೆ ಹೋಗಿತ್ತು ಎಂದು ಆಮೇಲೆ ಬಂದವರು ಹೇಳಿದರು. ಬಣ್ಣವಿಲ್ಲದೆ ಬಿಳಿ, ಹಗಲು ಬಿಟ್ಟು ರಾತ್ರಿ, ಇಷ್ಟು ಪರಿಮಳ, ಗೇಣುದ್ದದ ಕೊಳವೆ. ಇದೆಲ್ಲ ತವರಿನಲ್ಲಿ ರಾತ್ರಿ ಹಾರುವ, ಉದ್ದ ಸೊಂಡಿಲಿನ ಪತಂಗಗಳನ್ನು ಕರೆಯುವ ಏರ್ಪಾಡು. ನಮ್ಮ ಅಂಗಳದಲ್ಲಿ ಮೊಬೈಲ್ ಹಿಡಿದ ಜನ ಬಂದರು. ಅಜ್ಜಿ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿ ಆರತಿ ಎತ್ತಿದರು. ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡರೆ ಆಗುತ್ತದೆ ಎಂದು ಪಕ್ಕದ ಮನೆಯ ದೊಡ್ಡಮ್ಮ ನನ್ನ ಬೆನ್ನಿಗೆ ತಿವಿದರು. ‘ಬೇಡ್ಕೊಳೇ, ಈ ಸಲ ಆರ್ಡರ್ ಬರ್ಲಿ ಅಂತ.’ ಬೇಡಿಕೊಂಡೆನೋ ಇಲ್ಲವೋ, ಅದು ನನ್ನ ಮತ್ತು ಗಿಡದ ನಡುವಿನ ವಿಷಯ.

ಬೆಳಿಗ್ಗೆ ಐದೂ ಹಿಂಡಿದ ಬಟ್ಟೆಯ ಹಾಗೆ ನೇತಾಡುತ್ತಿದ್ದವು. ಜಪಾನಿನಲ್ಲಿ ಇದನ್ನು ಬೆಳದಿಂಗಳ ಸುಂದರಿ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ, ಕೇರಳದಲ್ಲಿ ನಿಶಾಗಂಧಿ. ಚೀನಾದವರು ಬಂದಷ್ಟೇ ಬೇಗ ಮರೆಯಾಗುವ ಯಾವುದಕ್ಕೂ ಈ ಹೂವನ್ನೇ ಉಪಮೆ ಕೊಡುತ್ತಾರಂತೆ. ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಪ್ರತಿ ಮಳೆಗಾಲ ‘ವರ್ಷಕ್ಕೊಮ್ಮೆ ಅರಳುವ ಅಪರೂಪದ ಹೂ’ ಎಂಬ ಫೋಟೊ ಬರುತ್ತದೆ. ಸಂಪಾದಕರು ಕ್ಷಮಿಸಬೇಕು, ನಮ್ಮ ಗಿಡ ಆಗಸ್ಟಿನಲ್ಲಿ ಅರಳಿ ಅಕ್ಟೋಬರಿನಲ್ಲಿ ಇನ್ನೊಮ್ಮೆ ಅರಳಿತು.

ಆ ರಾತ್ರಿಯ ವಾಟ್ಸ್‌ಆ್ಯಪ್ ಸ್ಟೇಟಸ್ಸು ನೋಡಿ ಮರುದಿನದಿಂದ ಶುರುವಾಯಿತು: ‘ಒಂದು ಎಲೆ ಕೊಡ್ತೀಯಾ?’ ಹತ್ತಿರದವರಿಗೆ ಹಾಗೇ ಕೊಟ್ಟೆ. ಆಮೇಲೆ ಲೆಕ್ಕ ಹಾಕಿದೆ. ಒಂದು ಪರೀಕ್ಷೆಯ ಅರ್ಜಿ ಶುಲ್ಕ, ಸೆಂಟರಿಗೆ ಹೋಗಿ ಬರುವ ಬಸ್ ಚಾರ್ಜು, ಹೋಟೆಲಿನ ಊಟ. ಪ್ರತಿ ಸಲವೂ ಅಪ್ಪನ ಮುಂದೆ ಕೈಯೊಡ್ಡುವಾಗ ಅವರು ಏನೂ ಅನ್ನುವುದಿಲ್ಲ, ಅದೇ ಕಷ್ಟ. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ತಳಕ್ಕೆ ತೂತು ಮಾಡಿ, ಮೂವತ್ತು ತುಂಡು ನೆಟ್ಟೆ. ಒಂದು ತಿಂಗಳಿಗೆ ಬೇರು ಬಿಟ್ಟವು. ಚಿತ್ರದುರ್ಗದ ಒಂದು ನರ್ಸರಿಗೆ ಹೋಗಿ ಮಾತಾಡಿದೆ. ಮಾಲೀಕರು ಗಿಡ ನೋಡಿ ಮೆಚ್ಚಿದರು. ಒಂದೇ ಷರತ್ತು. ‘ಹಿಮಾಲಯದ ಬ್ರಹ್ಮಕಮಲ ಅಂತ ಬೋರ್ಡು ಹಾಕ್ತೀನಿ, ಗಿಡಕ್ಕೆ ಮುನ್ನೂರು ಬರುತ್ತೆ, ನಿನಗೆ ನೂರೈವತ್ತು. ಯಾರಾದ್ರೂ ಕೇಳಿದ್ರೆ ಬೇರೆ ಏನೂ ಹೇಳೋಕೆ ಹೋಗ್ಬೇಡ.’

ಮೂವತ್ತು ಗಿಡಕ್ಕೆ ನಾಲ್ಕೂವರೆ ಸಾವಿರ. ಬಸ್‌ಸ್ಟ್ಯಾಂಡಿಗೆ ನಡೆಯುವಷ್ಟೂ ದೂರ ಅದೇ ಅಂಕಿ ತಲೆಯಲ್ಲಿ. ಸುಳ್ಳು ಹೇಳುವವಳು ನಾನಲ್ಲ, ಬೋರ್ಡು ತಾನೇ? ಹಾಗೂ ಯೋಚಿಸಬಹುದು. ಆದರೆ ನನಗೆ ಅಡ್ಡ ಬಂದದ್ದು ಪುಣ್ಯಪಾಪಕ್ಕಿಂತ ಹೆಚ್ಚಾಗಿ ಗಿಡದ ಗತಿ. ಹಿಮಾಲಯದ್ದು ಎಂದು ನಂಬಿ ಒಯ್ದವರು ಅದಕ್ಕೆ ಫ್ರಿಜ್ಜಿನ ನೀರು ಹಾಕುತ್ತಾರೆ, ಐಸ್ ತುಂಡು ಇಡುತ್ತಾರೆ, ನೆಲದಲ್ಲಿ ಆಳಕ್ಕೆ ಹೂಳುತ್ತಾರೆ. ಉತ್ಪ್ರೇಕ್ಷೆಯಲ್ಲ, ಐಸ್ ಇಟ್ಟವರನ್ನು ನಾನೇ ನೋಡಿದ್ದೇನೆ. ನರ್ಸರಿಗೆ ಕೊಡಲಿಲ್ಲ. ಮನೆಯಿಂದಲೇ ಅರವತ್ತು ರೂಪಾಯಿಗೆ ಮಾರಲು ಶುರು ಮಾಡಿ, ಪ್ರತಿ ಪ್ಯಾಕೆಟ್ಟಿಗೂ ಒಂದು ಚೀಟಿ ಅಂಟಿಸಿದೆ: ‘ಇದು ಹಿಮಾಲಯದ ಗಿಡವಲ್ಲ. ಮೆಕ್ಸಿಕೊ ಮೂಲದ, ಮರದ ಮೇಲೆ ಬೆಳೆಯುವ ಕಳ್ಳಿ. ನೆರಳಿನಲ್ಲಿಡಿ. ನೀರು ನಿಲ್ಲಬಾರದು.’

ಚೀಟಿಯ ಫಲ ಮೊದಲ ವಾರವೇ ಸಿಕ್ಕಿತು. ಎರಡು ಗಿಡ ಒಯ್ದಿದ್ದ ಒಬ್ಬ ಆಂಟಿ ವಾಪಸ್ ತಂದರು. ‘ಕಳ್ಳಿ ಅಂತ ಬರ್ದಿದೀಯಲ್ಲಮ್ಮ, ನಮ್ಮತ್ತೆ ಒಳಗೆ ತರಬೇಡ ಅಂದ್ರು. ಮನೆಯೊಳಗೆ ಕಳ್ಳಿ ಇದ್ರೆ ಜಗಳ ಅಂತೆ.’ ದುಡ್ಡು ಹಿಂದಕ್ಕೆ ಕೊಟ್ಟೆ. ಅಜ್ಜಿ ಸಿಟ್ಟಾದರು, ಆಂಟಿಯ ಮೇಲಲ್ಲ, ನನ್ನ ಮೇಲೆ. ‘ದೇವರ ಹೆಸರಿನ ಗಿಡಾನ ಕಳ್ಳಿ ಅಂತ ಯಾಕೆ ಬರೀಬೇಕಿತ್ತು? ಆರತಿ ಎತ್ತಿದೀನಿ ನಾನು ಅದಕ್ಕೆ.’

ಅಜ್ಜಿಯ ಆ ಮಾತು ಒಂದು ವಾರ ಕೊರೆಯಿತು. ಹೆಸರು ಸುಳ್ಳಾದರೆ ಆರತಿಯೂ ಸುಳ್ಳೇ? ಯೋಚಿಸುತ್ತಾ ಹೋದಂತೆ ನಮ್ಮ ಸುತ್ತಲಿನ ಗಿಡಗಳೇ ಉತ್ತರ ಕೊಟ್ಟವು. ಸೀತಾಫಲ ಅಮೆರಿಕದಿಂದ ಬಂದದ್ದು, ನಾವು ಸೀತೆಯ ಹೆಸರಿಟ್ಟೆವು. ಶಿವನ ಗುಡಿಯ ಮುಂದಿನ ನಾಗಲಿಂಗ ಪುಷ್ಪದ ಮರ ದಕ್ಷಿಣ ಅಮೆರಿಕದ್ದು. ದೇವಕಣಗಿಲೆಯ ಮೂಲವೂ ಅಮೆರಿಕವೇ. ಆಯುಧಪೂಜೆಗೆ ಲಾರಿಗೂ ಬೈಕಿಗೂ ಹಾಕುವ ಚೆಂಡುಹೂವು ಅಪ್ಪಟ ಮೆಕ್ಸಿಕೊದ್ದು. ಅಜ್ಜಿ ದಿನವೂ ಅರೆಯುವ ಮೆಣಸಿನಕಾಯಿಯೂ ಅಲ್ಲಿಯದೇ. ದೂರದಿಂದ ಬಂದವರಿಗೆ ಮನೆಯ ಹೆಸರಿಟ್ಟು ಒಳಗೆ ಕರೆದುಕೊಳ್ಳುವುದು ನಮ್ಮವರಿಗೆ ಹೊಸದಲ್ಲ. ರಾತ್ರಿ ಅರಳಿದ ಆ ಹೂವಿನ ಮುಂದೆ ನಿಂತು ಬ್ರಹ್ಮಕಮಲ ಎಂದವರು ಯಾರೋ ಗೊತ್ತಿಲ್ಲ, ಅವರು ಮೋಸ ಮಾಡಲಿಲ್ಲ. ಬೆರಗಾಗಿ ಕರೆದರು. ಮೋಸ ಇರುವುದು ಹೆಸರಿನಲ್ಲಲ್ಲ, ‘ಹಿಮಾಲಯದ’ ಎಂದು ಮುಂದೆ ಅಂಟಿಸಿ ಇನ್ನೂರು ನಲವತ್ತು ರೂಪಾಯಿ ಹೆಚ್ಚು ಕೀಳುವುದರಲ್ಲಿ.

ಇದನ್ನು ಅಜ್ಜಿಗೆ ಅಡಿಕೆ ಸುಲಿಯುವ ಹೊತ್ತಿನಲ್ಲಿ ಹೇಳಿದೆ. ಚೆಂಡುಹೂವಿನ ವಿಷಯ ಅವರು ನಂಬಲಿಲ್ಲ. ಮೆಣಸಿನಕಾಯಿಯದು ಇನ್ನೂ ನಂಬಲಿಲ್ಲ. ‘ಹಂಗಾದ್ರೆ ಅದಕ್ಕೂ ಮುಂಚೆ ಸಾರಿಗೆ ಏನ್ ಹಾಕ್ತಿದ್ರು?’ ಎಂದು ಸವಾಲು ಹಾಕಿದರು. ಕಾಳುಮೆಣಸು ಎಂದೆ. ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿರುವ ಮೆಣಸಿನ ಬಳ್ಳಿಯನ್ನು ಅವರು ದಿನಾ ನೋಡಿದವರೇ. ಮೆಣಸಿಗೂ ಮೆಣಸಿನಕಾಯಿಗೂ ಹೆಸರು ಯಾಕೆ ಒಂದೇ ಥರ ಇದೆ ಎಂದು ಅವರಾಗಿಯೇ ಕೇಳಿಕೊಂಡು ಸ್ವಲ್ಪ ಹೊತ್ತು ಕತ್ತಿ ನಿಲ್ಲಿಸಿ ಕೂತರು.

ಈಗ ಚೀಟಿ ಬದಲಾಗಿದೆ. ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ‘ಬ್ರಹ್ಮಕಮಲ’. ಅದರ ಕೆಳಗೆ ಮೆಕ್ಸಿಕೊ, ಕಳ್ಳಿ, ನೆರಳು, ನೀರು ಎಲ್ಲವೂ ಹಾಗೇ ಇವೆ. ಹೋದ ಮಳೆಗಾಲದಿಂದ ಈವರೆಗೆ ಎಪ್ಪತ್ತೊಂದು ಗಿಡ ಹೋಗಿವೆ. ಮೂರು ಪರೀಕ್ಷೆಯ ಶುಲ್ಕವನ್ನು ಅಪ್ಪನನ್ನು ಕೇಳದೆ ಕಟ್ಟಿದ್ದೇನೆ. ವಾಪಸ್ ಬಂದವು ಒಟ್ಟು ಆರು, ಒಣಗಿದವು ಎಂದು ಫೋನು ಬಂದದ್ದು ಎರಡಕ್ಕೆ ಮಾತ್ರ.

ನಾನು ಲೈಬ್ರರಿಗೆ ಹೋದಾಗ ವ್ಯಾಪಾರ ಅಜ್ಜಿಯದು. ಕಳೆದ ಭಾನುವಾರ ನಾನು ಒಳಗಿದ್ದೆ, ಗೇಟಿನ ಹತ್ತಿರ ಯಾರೋ ಹೆಂಗಸು ಚೀಟಿ ಓದಿ ಅನುಮಾನದಿಂದ ಕೇಳುತ್ತಿದ್ದರು, ಇದು ಹಿಮಾಲಯದ್ದಲ್ಲವಾ ಎಂದು. ಅಜ್ಜಿ ಎದ್ದೂ ನೋಡದೆ ಹೇಳಿದರು: ‘ಅಲ್ಲ ಕಣವ್ವಾ, ಮೆಣಸಿನಕಾಯಿ ಬಂದ ಕಡೆಯಿಂದ ಬಂದಿದ್ದು. ಅದನ್ನ ತಿಂತೀಯೋ ಇಲ್ವೋ? ಅರವತ್ತು ರೂಪಾಯಿ, ಚೌಕಾಸಿ ಇಲ್ಲ.’